ಒರಗಿದ ಗೋಡೆಯ ಪಕ್ಕದ ತಗಡಿನ ಶೆಡ್: ಕಲಬುರಗಿಯ ಹಿತ್ತಲೊಂದರ ಪ್ರಕರಣ ಅಧ್ಯಯನ

ಕಲಬುರಗಿಯ ಆಳಂದ ರಸ್ತೆಯ ಕಡೆಗಿರುವ ಹಳೆಯ ಬಡಾವಣೆಯೊಂದರಲ್ಲಿ, ನಿವೃತ್ತ ಶಿಕ್ಷಕರೊಬ್ಬರ ಮನೆಯ ಹಿತ್ತಲಿನಲ್ಲಿದ್ದ ತಗಡಿನ ಶೆಡ್ಡನ್ನು ಬಿಚ್ಚಿ ತೆಗೆದ ಕೆಲಸದ ವಿವರ ಇಲ್ಲಿದೆ. ಶೆಡ್ ದೊಡ್ಡದೇನಲ್ಲ. ಉದ್ದ 20 ಅಡಿ, ಅಗಲ 12 ಅಡಿ. ಮುಂಭಾಗದ ಎತ್ತರ 9 ಅಡಿ, ಹಿಂಭಾಗದ ಎತ್ತರ 7 ಅಡಿ. ಮಾಡು ಹಿಂದಕ್ಕೆ ಒಂದೇ ಇಳಿಜಾರು. ಎಲ್ ಆಕಾರದ ಕಬ್ಬಿಣದ ಆಂಗಲ್‌ಗಳ ಆರು ಕಂಬ, ಅವುಗಳ ಮೇಲೆ ಅಡ್ಡ ಪಟ್ಟಿಗಳು, ಅಂದರೆ ವೆಲ್ಡರುಗಳು ಪರ್ಲಿನ್ ಎನ್ನುವ ಆಂಗಲ್‌ಗಳು, ಅವುಗಳ ಮೇಲೆ ಏರಿಳಿತದ ಜಿಂಕ್ ಲೇಪಿತ ತಗಡು. ಎಡ, ಬಲ ಮತ್ತು ಹಿಂದಿನ ಮೂರು ಬದಿಗೂ ತಗಡನ್ನೇ ಹೊಡೆದಿದ್ದರು. ನೆಲಕ್ಕೆ ಶಹಾಬಾದ ಪರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿತ್ತು. ಎಮ್ಮೆ ಕಟ್ಟಲೆಂದು ನಿಲ್ಲಿಸಿದ್ದ ಈ ಶೆಡ್, ಎಮ್ಮೆಗಳು ಹೋದ ಮೇಲೆ ತೊಗರಿ ಕಟ್ಟಿಗೆ, ಮುರಿದ ಕುರ್ಚಿ, ಹಳೆಯ ಪಂಪು, ಅರ್ಧ ಖಾಲಿಯಾದ ಬಣ್ಣದ ಡಬ್ಬಿ ಎಲ್ಲದಕ್ಕೂ ಮನೆಯಾಗಿತ್ತು.

ಕೆಡವಬೇಕೆಂಬ ವಿಚಾರ ಬಂದದ್ದು ಹಿಂದಿನ ಬೇಸಿಗೆಯ ಒಂದು ಗಾಳಿಯಿಂದ. ಮುಂಗಾರಿಗೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ, ಸಂಜೆ ಹೊತ್ತು ಧೂಳೆಬ್ಬಿಸಿಕೊಂಡು ಬರುವ ಬಿರುಗಾಳಿ ಈ ಭಾಗದವರಿಗೆ ಹೊಸದಲ್ಲ. ಅಂಥದೊಂದು ಗಾಳಿಗೆ ಮಾಡಿನ ತಗಡು ಕಿತ್ತು ಪಕ್ಕದ ಮನೆಯ ನೀರಿನ ಟಾಕಿಗೆ ಬಡಿದಿತ್ತು. ಆಗ ಮಾಸ್ತರರು ಎಲ್ಲರೂ ಮಾಡುವುದನ್ನೇ ಮಾಡಿದ್ದರು: ಉಳಿದ ತಗಡುಗಳ ಮೇಲೆ ಕಲ್ಲು ಹೇರಿಸಿದ್ದರು. ಮತ್ತೊಂದು ಬೇಸಿಗೆ ಬರುವ ಮೊದಲು ಶೆಡ್ಡನ್ನೇ ತೆಗೆದುಬಿಡೋಣವೆಂದು ನಿಶ್ಚಯಿಸಿ, ಕಟ್ಟಡ ಕೆಲಸದ ಮೇಲ್ವಿಚಾರಣೆ ನನ್ನ ವೃತ್ತಿಯಾದ್ದರಿಂದಲೂ ದೂರದ ನೆಂಟಸ್ತಿಕೆ ಇದ್ದುದರಿಂದಲೂ ನನ್ನನ್ನು ಕರೆಸಿದರು.

ನಾನು ಹೋಗುವ ಹೊತ್ತಿಗೆ ಒಬ್ಬ ವೆಲ್ಡರ್ ಬಂದು ನೋಡಿ, ದರವನ್ನೂ ಹೇಳಿಯಾಗಿತ್ತು. ಅವರ ಯೋಜನೆ ಸರಳವಾಗಿತ್ತು. “ಮಾಸ್ತರ್ರೇ, ಇದಕ್ಕ ಎರಡ ತಾಸ ಸಾಕ್ರಿ. ಮುಂದಿನ ಎರಡ ಕಂಬ ಕಟ್ ಮಾಡಿ, ಹಗ್ಗ ಕಟ್ಟಿ ಎಳದ್ರ ತಾನೇ ಬೀಳ್ತದ. ಬಿದ್ದ ಮ್ಯಾಲ ಆರಾಮ ಕುಂತು ತುಂಡ ಮಾಡಬಹುದು.” ಈ ಪದ್ಧತಿ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ, ಎಷ್ಟೋ ಸಲ ಏನೂ ಅನಾಹುತವಾಗದೆ ಮುಗಿದೂ ಇದೆ. ಆದರೆ ತುಕ್ಕು ಹಿಡಿದ ಶೆಡ್ಡಿನಲ್ಲಿ ಯಾವುದು ಯಾವುದನ್ನು ಹೊತ್ತು ನಿಂತಿದೆ ಎಂಬುದು ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಅದನ್ನು ತಿಳಿಯದೆ ಎಳೆದರೆ ಬೀಳುವ ದಿಕ್ಕನ್ನು ಶೆಡ್ಡೇ ನಿರ್ಧರಿಸುತ್ತದೆ, ನಾವಲ್ಲ. ಕಟ್ಟಡ ಕೆಡವುವಾಗಿನ ಸುರಕ್ಷತೆಗೆಂದೇ ಇರುವ ಭಾರತೀಯ ಮಾನಕ ಐಎಸ್ 4130 ದೊಡ್ಡ ಕಟ್ಟಡಗಳನ್ನು ಕಣ್ಣಮುಂದಿಟ್ಟುಕೊಂಡದ್ದಾದರೂ, ಅದರ ಹಿಂದಿನ ವಿಚಾರ ಹಿತ್ತಲಿನ ಶೆಡ್ಡಿಗೂ ಅನ್ವಯಿಸುತ್ತದೆ: ಮೊದಲು ಪರಿಶೀಲನೆ, ಆಮೇಲೆ ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಬಿಚ್ಚುವುದು. ಮಾಸ್ತರರು ಇದಕ್ಕೆ ಒಪ್ಪಿದರು. ವೆಲ್ಡರ್ ಕೂಡ, ಕೂಲಿಯನ್ನು ದಿನದ ಲೆಕ್ಕಕ್ಕೆ ಬದಲಾಯಿಸಿದ ಮೇಲೆ, ಒಪ್ಪಿದರು. ಇಂಥ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಅವಸರವನ್ನೂ ಜೊತೆಗೆ ಕೊಟ್ಟಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪರಿಶೀಲನೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಹಿಂಭಾಗ. ಅಲ್ಲಿ ನೆರೆಮನೆಗೂ ಈ ಮನೆಗೂ ನಡುವೆ ಆರಡಿ ಎತ್ತರದ ಕಂಪೌಂಡ್ ಗೋಡೆ ಇದೆ. ಶಹಾಬಾದ ಕಲ್ಲಿನ ತುಂಡುಗಳನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿ, ಮೇಲೆ ಮಾತ್ರ ಸಿಮೆಂಟು ಮೆತ್ತಿದ, 9 ಇಂಚು ದಪ್ಪದ ಗೋಡೆ. ಹಿಂದಿನ ತಗಡಿನ ನಡುವಿನ ಸಂದಿಯಿಂದ ಬ್ಯಾಟರಿ ಹಾಕಿ ನೋಡಿದಾಗ ಎರಡು ಸಂಗತಿ ಕಂಡವು. ಶೆಡ್ಡಿನ ಪಕ್ಕದ ಎರಡು ಅಡ್ಡ ಆಂಗಲ್‌ಗಳ ತುದಿಗಳನ್ನು ಕಂಬಕ್ಕೆ ಜೋಡಿಸುವುದರ ಜೊತೆಗೆ ಗೋಡೆಯಲ್ಲಿ ತೂತು ಕೊರೆದು ಹುದುಗಿಸಿದ್ದರು. ಎರಡನೆಯದು, ಗೋಡೆಯೇ ಶೆಡ್ಡಿನ ಕಡೆಗೆ ಒರಗಿ, ಹಿಂದಿನ ನಡುಗಂಬಕ್ಕೆ ತಾಗಿ ನಿಂತಿತ್ತು. ತಾಗಿದ ಜಾಗದಲ್ಲಿ ಗಾರೆ ಉದುರಿ, ಆಂಗಲ್ಲಿನ ಅಂಚು ಕಲ್ಲಿನಲ್ಲಿ ಉಗುರಿನಷ್ಟು ಆಳದ ಗೆರೆ ಕೊರೆದಿತ್ತು. ಅಂದರೆ ಈ ಒರಗುವಿಕೆ ಇಂದು ನಿನ್ನೆಯದಲ್ಲ.

ಕಾರಣ ನೆಲದಲ್ಲಿದೆ. ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಗೋಡೆಯ ಎರಡೂ ಬದಿ ಒಂದೇ ಸಮ ನೆನೆದು ಒಂದೇ ಸಮ ಒಣಗಿದರೆ ತೊಂದರೆ ಕಡಿಮೆ. ಇಲ್ಲಿ ನೆರೆಮನೆಯ ಕಡೆ ಬಚ್ಚಲ ನೀರು ಸದಾ ನಿಲ್ಲುತ್ತಿತ್ತು, ಶೆಡ್ಡಿನ ಕಡೆ ಮಾಡಿನ ಕೆಳಗೆ ಮಣ್ಣು ಒಣಗಿಯೇ ಇರುತ್ತಿತ್ತು. ಆ ಕಡೆ ಉಬ್ಬಿ ಈ ಕಡೆ ಕುಗ್ಗುತ್ತ ಬಂದ ತಳಪಾಯ ಗೋಡೆಯನ್ನು ಶೆಡ್ಡಿನತ್ತ ವಾಲಿಸಿತ್ತು.

ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ಅಳೆದಾಗ ನೆತ್ತಿಯಲ್ಲಿ ವಾಲಿಕೆ ಎರಡು ಇಂಚು ಬಂತು. ಒಂದೇ ದಪ್ಪದ ಗೋಡೆ ನೆತ್ತಿಯಲ್ಲಿ ಎರಡು ಇಂಚು ವಾಲಿದರೆ ಅದರ ಭಾರದ ಕೇಂದ್ರ ತಳದ ನಡುವಿನಿಂದ ಒಂದು ಇಂಚು ಸರಿದಿರುತ್ತದೆ. ಮಣ್ಣಿನ ಗಾರೆಯ ಗೋಡೆ ಎಳೆತವನ್ನು ತಾಳಲಾರದು; ಆದ್ದರಿಂದ ಭಾರದ ಗೆರೆ ತಳದ ನಡುವಿನ ಮೂರನೆಯ ಒಂದು ಪಾಲಿನೊಳಗೆ ಇರಬೇಕೆಂಬುದು ಹಳೆಯ ನಿಯಮ. 9 ಇಂಚಿನ ಗೋಡೆಗೆ ಈ ಮಿತಿ ನಡುವಿನಿಂದ ಆಚೀಚೆ ಒಂದೂವರೆ ಇಂಚು. ಲೆಕ್ಕದ ಪ್ರಕಾರ ಗೋಡೆ ತನ್ನ ಪಾಡಿಗೆ ನಿಲ್ಲಬೇಕು, ಆದರೆ ಉಳಿದಿರುವ ಅವಕಾಶ ಅರ್ಧ ಇಂಚು ಮಾತ್ರ. ಒಂದು ಗಾಳಿ, ಒಂದು ನೂಕು, ತಳದಲ್ಲಿ ಕಿತ್ತುಹೋದ ಒಂದು ಕಲ್ಲು ಆ ಅವಕಾಶವನ್ನು ತಿಂದುಹಾಕಬಲ್ಲವು. ಶೆಡ್ಡಿಗೆ ಹಗ್ಗ ಕಟ್ಟಿ ಮುಂದಕ್ಕೆ ಎಳೆದಿದ್ದರೆ, ಹುದುಗಿಸಿದ ಆಂಗಲ್ ತುದಿಗಳು ಗೋಡೆಯನ್ನು ಅದು ವಾಲಿದ ದಿಕ್ಕಿಗೇ ಜಗ್ಗುತ್ತಿದ್ದವು, ಅದೇ ಹೊತ್ತಿಗೆ ಅದಕ್ಕೆ ಆಸರೆಯಾಗಿದ್ದ ನಡುಗಂಬವೂ ಹೋಗುತ್ತಿತ್ತು. ಹಗ್ಗ ಹಿಡಿದವರು ದೂರವಿದ್ದರೂ, ಶೆಡ್ಡಿನ ಪಕ್ಕದಲ್ಲಿ ನಿಂತು ನೋಡುವವರ ಮೇಲೆ ಗೋಡೆ ಬರುತ್ತಿತ್ತು. ಕಂಬಗಳ ಬುಡವನ್ನೂ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿದೆವು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದುಹೋದದ್ದು ಸಪ್ಪಗೆ ಸದ್ದು ಮಾಡುತ್ತದೆ. ಎಮ್ಮೆಯ ಗಂಜಲ ಹರಿದುಹೋಗುತ್ತಿದ್ದ ಬಲಗಡೆಯ ಎರಡು ಕಂಬಗಳಲ್ಲಿ, ಪರಸಿಗೆ ತಾಗುವಲ್ಲಿ, ಸುತ್ತಿಗೆಯ ಮೂತಿ ಒಳಗೇ ಇಳಿಯಿತು. ಮೇಲಿನಿಂದ ನೋಡಿದರೆ ಅವೇ ಎಲ್ಲಕ್ಕಿಂತ ಚೆನ್ನಾಗಿ ಬಣ್ಣ ಬಳಿದ ಕಂಬಗಳಾಗಿದ್ದವು.

ಇನ್ನು ವಿದ್ಯುತ್ತು. “ಮಳಿಗಾಲದಾಗ ಬಾಗಲಾ ಮುಟ್ಟಿದ್ರ ಜುಂ ಅಂತದ್ರಿ, ಅದಕ್ಕ ಚಪ್ಪಲಿ ಹಾಕ್ಕೊಂಡೇ ಹೋಗ್ತೀವಿ” ಎಂದು ಮನೆಯ ಸೊಸೆ ಸಹಜವಾಗಿ ಹೇಳಿದ ಮಾತು ಪರಿಶೀಲನೆಯಲ್ಲಿ ಸಿಕ್ಕ ಅತ್ಯಂತ ಮುಖ್ಯ ಮಾಹಿತಿಯಾಗಿತ್ತು. ತಗಡಿಗೆ ಟೆಸ್ಟರ್ ಹಚ್ಚಿದಾಗ ದೀಪ ಮಂಕಾಗಿ ಹತ್ತಿತು. ಶೆಡ್ಡಿನೊಳಗೆ ಒಂದು ಬಲ್ಬಿನ ಹೋಲ್ಡರ್ ಇತ್ತು, ಅದಕ್ಕೆ ಬಂದ ವೈರಿನ ಹೊದಿಕೆ ಒಲೆಯ ಹೊಗೆಗೆ ಬಿರುಕು ಬಿಟ್ಟಿತ್ತು. ಎಲ್ಲರೂ ದೋಷ ಅಲ್ಲಿಯದೇ ಎಂದುಕೊಂಡರು. ಆದರೆ ಮನೆಯ ಮೇನ್ ಸ್ವಿಚ್ ಇಳಿಸಿದರೂ ಟೆಸ್ಟರಿನ ದೀಪ ಆರಲಿಲ್ಲ. ಏಣಿ ಹತ್ತದೆ, ನೆರೆಮನೆಯ ಮಾಳಿಗೆಯ ಮೇಲೆ ನಿಂತು ನೋಡಿದಾಗ ಕಾರಣ ತಿಳಿಯಿತು. ಬೀದಿಯ ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರು ಶೆಡ್ಡಿನ ಮೂಲೆಯ ಮೇಲೆ ಹಾದು, ಗಾಳಿಗೆ ತೂಗಾಡುತ್ತ, ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದಿತ್ತು. ಈ ವೈರು ಮೀಟರಿಗಿಂತ ಮೊದಲಿನದು. ಮನೆಯ ಮೇನ್ ಸ್ವಿಚ್ಚಿಗಾಗಲಿ, 30 ಮಿಲಿಆಂಪಿಯರ್ ಸೋರಿದರೂ ಕೂಡಲೇ ಕಡಿಯುವ ಆರ್‌ಸಿಸಿಬಿಗಾಗಲಿ ಅದರ ಮೇಲೆ ಹಿಡಿತವಿಲ್ಲ. ಒಣ ಎರೆಮಣ್ಣಿನಲ್ಲಿ ಹೂತ ಕಂಬಗಳ ಮೂಲಕ ನೆಲಕ್ಕೆ ಹರಿಯುವ ಕರೆಂಟು ಬೀದಿ ಕಂಬದ ಫ್ಯೂಸ್ ಸುಡುವಷ್ಟಿರುವುದಿಲ್ಲ, ಹೀಗಾಗಿ ತಗಡು ಯಾರಿಗೂ ಗೊತ್ತಾಗದಂತೆ ಜೀವಂತವಾಗಿಯೇ ಉಳಿಯುತ್ತದೆ. ಅದನ್ನು ಬೆವರಿದ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತವನ ಮೈಯೇ ನೆಲಕ್ಕೆ ಹೋಗಲು ಒಳ್ಳೆಯ ದಾರಿಯಾಗುತ್ತದೆ.

ಇದಕ್ಕೆ ಮನೆಯವರು ಮಾಡಬಹುದಾದ ಕೆಲಸ ಒಂದೇ: ದೂರ ನಿಂತು, ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಫೋನ್ ಮಾಡುವುದು. ಮನೆಯ ಕಡೆಯ ಎಲೆಕ್ಟ್ರಿಷಿಯನ್ ಕೋಲಿನಿಂದ ವೈರನ್ನು ಎತ್ತಿ ಕಟ್ಟುತ್ತೇನೆಂದು ಮುಂದೆ ಬಂದರು, ಬೇಡವೆಂದೆವು. ಲೈನ್‌ಮನ್ ಬಂದು ಕಂಬದಲ್ಲೇ ಸಂಪರ್ಕ ತಪ್ಪಿಸಿ, ಸರ್ವಿಸ್ ವೈರನ್ನು ಮನೆಯ ಇನ್ನೊಂದು ಮೂಲೆಯಿಂದ ಹೊಸದಾಗಿ ಎಳೆಯುವವರೆಗೆ ಶೆಡ್ಡಿನ ಸುತ್ತ ಹಗ್ಗ ಕಟ್ಟಿ ಯಾರನ್ನೂ ಬಿಡಲಿಲ್ಲ. ಕೆಲಸ ಕೆಲವು ದಿನ ಮುಂದಕ್ಕೆ ಹೋಯಿತು. ವೈರು ಬದಲಾದ ಮೇಲೂ ಟೆಸ್ಟರನ್ನಷ್ಟೇ ನಂಬದೆ, ಮಲ್ಟಿಮೀಟರಿನಿಂದ ತಗಡು ಮತ್ತು ನೆಲದಲ್ಲಿ ಊರಿದ ಹಾರೆಯ ನಡುವೆ ಅಳೆದು, ವೋಲ್ಟೇಜ್ ಇಲ್ಲವೆಂದು ಖಚಿತವಾದ ನಂತರವೇ ಕೈ ಹಚ್ಚಿದೆವು.

ಕಾಲವನ್ನು ಆರಿಸುವುದರಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಶಿವರಾತ್ರಿಯ ಆಸುಪಾಸಿನ ದಿನಗಳು, ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಮಾತ್ರ ಕೆಲಸ. ಮೇ ತಿಂಗಳಲ್ಲಿ 42–43 ಡಿಗ್ರಿ ಮುಟ್ಟುವ ಊರಿನಲ್ಲಿ ಬಿಸಿಲಿಗೆ ಕಾದ ತಗಡನ್ನು ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಗಾಳಿಯ ವಿಷಯ ಮಾತ್ರ ಅಷ್ಟು ತಿಳಿದಿರುವುದಿಲ್ಲ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ಅರ್ಧ ಮಿಲಿಮೀಟರ್ ದಪ್ಪದ ತಗಡು ಸುಮಾರು 9 ಕಿಲೊ ತೂಗುತ್ತದೆ. ಗಾಳಿಯ ಒತ್ತಡ ಲೆಕ್ಕ ಹಾಕಲು ಐಎಸ್ 875ರ ಮೂರನೆಯ ಭಾಗ ಕೊಡುವ ಸೂತ್ರದಂತೆ, ಸೆಕೆಂಡಿಗೆ ಮೀಟರ್ ಲೆಕ್ಕದ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಗಂಟೆಗೆ 36 ಕಿಲೊಮೀಟರಿನ ಗಾಳಿಗೆ ಅದು 60 ನ್ಯೂಟನ್. ಇಡೀ ತಗಡಿನ ಮೇಲೆ ಹನ್ನೊಂದು ಕಿಲೊ ತೂಕದ ತಳ್ಳು. ಅಂದರೆ ಬಿಚ್ಚಿದ ತಗಡನ್ನು ಗಾಳಿಗೆ ಎದೆಯೊಡ್ಡಿ ಹಿಡಿದವನಿಗೆ ತಗಡಿನ ಭಾರಕ್ಕಿಂತ ಗಾಳಿಯ ಬಲವೇ ಹೆಚ್ಚು. ವೇಗ ಒಂದೂವರೆ ಪಟ್ಟಾದರೆ ತಳ್ಳು ಎರಡೂಕಾಲು ಪಟ್ಟಾಗುತ್ತದೆ, ಇಪ್ಪತ್ತೈದು ಕಿಲೊ. ಬೇವಿನ ಮರದ ಟೊಂಗೆಗಳು, ಬರೀ ಎಲೆಗಳಲ್ಲ, ಅಲ್ಲಾಡತೊಡಗಿದರೆ ಮಾಡಿನ ಕೆಲಸ ನಿಲ್ಲಿಸಬೇಕೆಂದು ಎಲ್ಲರಿಗೂ ಒಪ್ಪಿಗೆಯಾಯಿತು.

ಒಳಗಿನ ಸಾಮಾನು ಖಾಲಿ ಮಾಡುವುದು ಕೆಡವುವುದಕ್ಕಿಂತ ಸುಲಭ ಎಂದು ತಿಳಿಯುವವರು ತೊಗರಿ ಕಟ್ಟಿಗೆಯ ರಾಶಿಯಲ್ಲಿ ಕೈ ಹಾಕಿ ನೋಡಿಲ್ಲ. ಇಲಿ ಇರುವಲ್ಲಿ ಹಾವು ಬರುತ್ತದೆ. ಉದ್ದನೆಯ ಕೊಕ್ಕೆಕೋಲಿನಿಂದ, ಮೇಲಿನಿಂದ ಒಂದೊಂದೇ ಹೊರೆ ಜಗ್ಗಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಎತ್ತಿದೆವು. ಹಾವು ಸಿಗಲಿಲ್ಲ, ಪೊರೆ ಸಿಕ್ಕಿತು. ಪರಸಿಯ ಸಂದಿಯಲ್ಲಿ ಚೇಳುಗಳಿದ್ದವು, ಬಾಗಿಲಿನ ಪೈಪಿನೊಳಗೆ ಕಣಜಗಳು ಗೂಡು ಕಟ್ಟಿದ್ದವು. ಅಟ್ಟದ ಮೇಲೆ ಹೊಲಕ್ಕೆ ತಂದು ಉಳಿದ ಕೀಟನಾಶಕದ ಬಾಟಲಿಗಳೂ ಇದ್ದವು. ಅವುಗಳಲ್ಲಿ ಒಂದರ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದ ಎಂಡೋಸಲ್ಫಾನಿನ ಹೆಸರು ಇನ್ನೂ ಓದುವಂತಿತ್ತು. ಇಂಥ ಬಾಟಲಿ ಒಡೆದರೆ ಅದರ ಮೇಲೆ ಕಬ್ಬಿಣ ಕತ್ತರಿಸುವ ಗ್ರೈಂಡರಿನ ಕಿಡಿ ಬೀಳುವುದೂ, ಬರಿಗಾಲು ಬೀಳುವುದೂ ಎರಡೂ ಕೆಟ್ಟದ್ದೇ. ಅವನ್ನು ನೆಟ್ಟಗೆ ಒಂದು ಪ್ಲಾಸ್ಟಿಕ್ ಬಕೀಟಿನಲ್ಲಿಟ್ಟು, ಸುತ್ತ ಮರಳು ತುಂಬಿ, ಮುಚ್ಚಿ, ಬೀಗ ಹಾಕಿದ ಕೋಣೆಗೆ ಸಾಗಿಸಿದೆವು.

ಕೆಲಸಕ್ಕೆ ಬಂದವರು ವೆಲ್ಡರ್, ಅವರ ಇಬ್ಬರು ಸಹಾಯಕರು ಮತ್ತು ಒಬ್ಬ ಗೌಂಡಿ. ಸಹಾಯಕರಲ್ಲಿ ಕಿರಿಯವನು ರಬ್ಬರ್ ಚಪ್ಪಲಿ ಮೆಟ್ಟಿ, ಕೊರಳಿಗೆ ಟವೆಲ್ ಸುತ್ತಿಕೊಂಡು ಬಂದಿದ್ದ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ ನಾಲ್ಕು ಇಂಚಿನ ಗ್ರೈಂಡರಿಗೆ ಟವೆಲ್ಲಿನ ಅಂಚು ಸಿಕ್ಕರೆ ಕೈ ಬಿಡಿಸಿಕೊಳ್ಳುವಷ್ಟು ಸಮಯ ಇರುವುದಿಲ್ಲ. ಟವೆಲ್ ತೆಗೆಸಿ, ಬೂಟು, ಚರ್ಮದ ಕೈಗವಸು, ಕನ್ನಡಕ, ಹೆಲ್ಮೆಟ್ ಕೊಡಿಸಿದೆವು. ಗ್ರೈಂಡರಿನ ಗಾರ್ಡ್, ಅಂದರೆ ತಿರುಗುವ ಬಿಲ್ಲೆಯ ಮೇಲಿನ ಮರೆ, ಎಲ್ಲಿ ಎಂದು ಕೇಳಿದರೆ ವೆಲ್ಡರ್ ನಕ್ಕರು. “ಗಾರ್ಡ್ ಹಾಕಿದ್ರ ಮೂಲ್ಯಾಗ ಹೋಗಂಗಿಲ್ರಿ ಸಾಹೇಬ್ರೆ.” ಮೂಲೆಯಲ್ಲಿ ಹೋಗದಿದ್ದರೆ ಅಲ್ಲಿ ಹ್ಯಾಕ್ಸಾ ಬ್ಲೇಡು ಹಿಡಿಯೋಣ, ಗಾರ್ಡ್ ಮಾತ್ರ ಹಾಕಲೇಬೇಕು ಎಂದೆ. ಮಧ್ಯಾಹ್ನ ಮನೆಗೆ ಹೋಗಿ ತಂದರು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸಿದೆವು. ಧನುರ್ವಾಯು ತುಕ್ಕಿನಿಂದ ಬರುತ್ತದೆಂದು ಜನ ನಂಬುತ್ತಾರೆ. ಅದರ ರೋಗಾಣು ಇರುವುದು ಮಣ್ಣಿನಲ್ಲಿ ಮತ್ತು ಸೆಗಣಿಯಲ್ಲಿ, ಎಮ್ಮೆ ಕಟ್ಟಿದ್ದ ಶೆಡ್ಡಿನಲ್ಲಿ ಎರಡೂ ಧಾರಾಳ. ತಗಡಿನ ಅಂಚು ಮಾಡುವ ಆಳವಾದ ಗಾಯ ಅದಕ್ಕೆ ಬಾಗಿಲು ತೆರೆಯುತ್ತದೆ. ಕೊಳೆ ಸೇರಿದ ಗಾಯವಾದಾಗ ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕಾಗುತ್ತದೆ.

ಮೊದಲು ಆಸರೆ. ಗೋಡೆಗೆ ಶೆಡ್ಡಿನ ಕಡೆಯಿಂದ ಮೂರು ಗಟ್ಟಿ ಮರದ ತೊಲೆಗಳನ್ನು ಓರೆಯಾಗಿ ಕೊಟ್ಟೆವು. ಅದಕ್ಕಾಗಿ ಹಿಂದಿನ ತಗಡಿನಲ್ಲಿ ಮೂರು ಕಡೆ ಮಾತ್ರ ಕಿಂಡಿ ತೆಗೆದೆವು. ತೊಲೆಯ ಮೇಲ್ತುದಿ ಗೋಡೆಯ ಮೂರನೆಯ ಎರಡು ಪಾಲು ಎತ್ತರದಲ್ಲಿ ಅಗಲವಾದ ಹಲಗೆಗೆ ಒತ್ತಿ ನಿಂತಿತ್ತು. ಕೆಳತುದಿ ಜಾರದಂತೆ ಪರಸಿ ಎಬ್ಬಿಸಿ ಮಣ್ಣಿನಲ್ಲಿ ಗೂಟ ಹೊಡೆದು, ನಡುವೆ ಬೆಣೆ ಬಡಿದಿದ್ದೆವು. ಬೆಣೆಯನ್ನು ಗೋಡೆ ಅಲುಗುವಂತೆ ಬಡಿಯಬಾರದು, ತೊಲೆ ಬಿಗಿಯಾದರೆ ಸಾಕು. ನೆರೆಮನೆಯ ಹಿರಿಯರಿಗೆ ಎಲ್ಲವನ್ನೂ ತೋರಿಸಿ, ಗೋಡೆಯ ಆ ಬದಿಗೆ ಮಕ್ಕಳನ್ನು ಬಿಡದಂತೆ ಮಾಸ್ತರರು ಹೇಳಿಬಂದರು. “ಗ್ವಾಡಿ ಇಬ್ಬರದೂ ಅದ ರೀ, ಖರ್ಚ್ ಬಂದ್ರ ನೋಡೋಣು” ಎಂದು ಆ ಅಜ್ಜಿ ಹೇಳಿದ್ದು ಮುಂದೆ ಉಪಯೋಗಕ್ಕೆ ಬಂತು.

ಎರಡನೆಯ ಆಸರೆ ಶೆಡ್ಡಿಗೇ ಬೇಕಾಗಿತ್ತು. ತಗಡಿನ ಗೋಡೆ ಬರೀ ಮರೆಯೆಂದು ತೋರಿದರೂ, ಆಂಗಲ್ ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿದಿರುವುದು ಅದೇ. ಈ ಶೆಡ್ಡಿನಲ್ಲಿ ಕಂಬದಿಂದ ಕಂಬಕ್ಕೆ ಓರೆಪಟ್ಟಿ ಒಂದೂ ಇರಲಿಲ್ಲ. ಆ ಕೆಲಸವನ್ನು ಇಷ್ಟು ವರ್ಷ ತಗಡು ಮಾಡಿತ್ತು. ಹೀಗಿರುವಾಗ ಸುಲಭವಾಗಿ ಕೈಗೆ ಸಿಗುತ್ತದೆಂದು ಪಕ್ಕದ ತಗಡುಗಳನ್ನು ಮೊದಲು ಬಿಚ್ಚಿದರೆ, ಮೇಲೆ ಕಲ್ಲು ಹೊತ್ತ ಮಾಡು, ಕೆಳಗೆ ತುಕ್ಕು ತಿಂದ ಬುಡ, ನಡುವೆ ಬಿಗಿಯೇ ಇಲ್ಲದ ಚೌಕಟ್ಟು ಉಳಿಯುತ್ತದೆ. ಆದ್ದರಿಂದ ಒಂದು ಬೆರಳು ದಪ್ಪದ ಹಗ್ಗಗಳನ್ನು ನಾಲ್ಕೂ ಮೂಲೆಯ ನೆತ್ತಿಯಿಂದ ಎದುರು ಬುಡಕ್ಕೆ ಓರೆಯಾಗಿ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿದೆವು. ಬುಡ ಹೋಗಿದ್ದ ಎರಡು ಕಂಬಗಳಿಗೆ ಪಕ್ಕದಲ್ಲೇ ಬೇರೆ ಪೈಪು ನಿಲ್ಲಿಸಿ ಕ್ಲಾಂಪು ಹಾಕಿದೆವು.

ಮಾಡಿನ ಮೇಲೆ ಯಾರನ್ನೂ ಹತ್ತಿಸಲಿಲ್ಲ. ತುಕ್ಕು ಹಿಡಿದ ತಗಡು ಪರ್ಲಿನ್ನಿನ ಮೇಲೆ ಕಾಲಿಟ್ಟರೆ ತಡೆದೀತು, ಒಂದು ಗೇಣು ಆಚೆ ಇಟ್ಟರೆ ಒಡೆದೀತು. ಮೇಲೆ ಹೇರಿದ ಕಲ್ಲುಗಳನ್ನು ಹೊರಗಡೆ ಏಣಿಯ ಮೇಲೆ ನಿಂತು ಒಂದೊಂದಾಗಿ ಬುಟ್ಟಿಯಲ್ಲಿ ಇಳಿಸಿದರು. ಏಣಿಯ ತಳ ಶೆಡ್ಡಿನಿಂದ, ಅದು ಒರಗಿದ ಎತ್ತರದ ನಾಲ್ಕನೆಯ ಒಂದರಷ್ಟು ದೂರದಲ್ಲಿ, ಕೆಳಗೆ ಒಬ್ಬರು ಹಿಡಿದು. ಉಳಿದದ್ದೆಲ್ಲ ಒಳಗಿನಿಂದ, ಗೌಂಡಿಗಳು ಗಿಲಾವ್ ಮಾಡಲು ಬಳಸುವ ಕಬ್ಬಿಣದ ಘೋಡಿಗಳ ಮೇಲೆ ಹಲಗೆ ಹಾಸಿ ನಿಂತು. ತಗಡನ್ನು ಪರ್ಲಿನ್ನಿಗೆ ಹಿಡಿದಿದ್ದು ಜೆ ಹುಕ್ಕುಗಳು. ಅವುಗಳ ನಟ್ಟು ಮಾಡಿನ ಮೇಲೆ, ಕೊಕ್ಕೆ ಕೆಳಗೆ. ಹಿಂದಿನ ದಿನವೇ ಡೀಸೆಲ್ ಸುರಿದಿದ್ದರೂ ನಟ್ಟುಗಳು ಪಾನಾಕ್ಕೆ ಬಗ್ಗಲಿಲ್ಲ. ಆಗ ವೆಲ್ಡರ್ ಒಳ್ಳೆಯ ಉಪಾಯ ಹೇಳಿದರು: ನಟ್ಟಿನ ಗೋಜು ಬಿಟ್ಟು, ಕೆಳಗಿನ ಕೊಕ್ಕೆಯನ್ನೇ ಬೋಲ್ಟ್ ಕಟರಿನಿಂದ ಕತ್ತರಿಸುವುದು. ಕಿಡಿಯಿಲ್ಲ, ಮೇಲೆ ಹತ್ತುವ ಮಾತಿಲ್ಲ. ಕೊನೆಗೆ ಹೊದಿಸಿದ ತಗಡು ಎಲ್ಲಕ್ಕಿಂತ ಮೇಲಿರುತ್ತದೆ, ಅದನ್ನು ಮೊದಲು ತೆಗೆಯಬೇಕು. ಅಂಚುಗಳು ಒಂದರ ಮೇಲೊಂದು ಕೂತ ರೀತಿ ನೋಡಿದರೆ ಯಾವುದು ಕೊನೆಯದೆಂದು ಗೊತ್ತಾಗುತ್ತದೆ. ಒಂದೊಂದು ತಗಡಿನಲ್ಲೂ ಕೊನೆಯ ಎರಡು ಹುಕ್ಕು ಉಳಿಸಿಕೊಂಡು, ಇಬ್ಬರು ಹಿಡಿದ ಮೇಲೆ ಅವನ್ನು ಕತ್ತರಿಸಿ, ನಿಲುವಾಗಿ ಇಳಿಸಿ, ಪೇರಿಸಿ, ಕೂಡಲೇ ಮೇಲೆ ಕಲ್ಲಿಟ್ಟೆವು.

ಮೂಲೆಯಲ್ಲಿ, ನೀರು ಕಾಯಿಸುವ ಒಲೆಯ ಮೇಲ್ಗಡೆ, ಹೊಗೆಗೆ ಹಾಳಾದ ತಗಡಿನ ಬದಲು ಹಾಕಿದ್ದ ಎರಡು ಸಿಮೆಂಟ್ ಶೀಟುಗಳಿದ್ದವು. ತಗಡಿನ ಶೆಡ್ ಎಂದುಕೊಂಡು ಹೋದವರು ಇವನ್ನು ಗಮನಿಸುವುದೇ ಇಲ್ಲ. ಇವು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಶೀಟುಗಳು. ಭಾರತದಲ್ಲಿ ಇವುಗಳ ಮಾರಾಟಕ್ಕೆ ಇಂದಿಗೂ ಅಡ್ಡಿಯಿಲ್ಲವಾದರೂ, ಒಡೆದಾಗ ಅಥವಾ ಕತ್ತರಿಸಿದಾಗ ಏಳುವ ಕಣ್ಣಿಗೆ ಕಾಣದ ನಾರು ಶ್ವಾಸಕೋಶದಲ್ಲಿ ಕೂತು, ಎಷ್ಟೋ ದಶಕಗಳ ಮೇಲೆ ಆಸ್ಬೆಸ್ಟೋಸಿಸ್, ಮೆಸೊಥೀಲಿಯೋಮ ಎಂಬ ರೋಗಗಳಾಗಿ ಹೊರಬೀಳುತ್ತದೆ. ಅವಕ್ಕೆ ಗ್ರೈಂಡರ್ ತಾಗಿಸಲಿಲ್ಲ, ಕೆಳಕ್ಕೆ ಎಸೆಯಲಿಲ್ಲ. ಔಷಧಿ ಹೊಡೆಯುವ ಪಂಪಿನಲ್ಲಿ ನೀರಿಗೆ ಚೂರು ಸಾಬೂನು ಬೆರೆಸಿ ಚೆನ್ನಾಗಿ ನೆನೆಸಿ, ಎನ್95 ಮಾಸ್ಕ್ ಹಾಕಿಕೊಂಡು, ನಾಲ್ವರು ಸೇರಿ ಇಡಿಯಾಗಿಯೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಅಂಟಿಸಿದೆವು. ಉದುರಿದ ಚೂರುಗಳನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಅದರೊಳಗೇ ಹಾಕಿದೆವು.

ಮಾಡು ಹೋದ ಮೇಲೆ ಪರ್ಲಿನ್ನುಗಳು, ಆಮೇಲೆ ಪಕ್ಕದ ತಗಡುಗಳು. ಬಲಬದಿಯ ಎರಡನೆಯ ತಗಡು ಬಿಚ್ಚಿದ ಕೂಡಲೇ ಇಡೀ ಚೌಕಟ್ಟು ಎಡಕ್ಕೆ ಒಂದು ಬೆರಳಿನಷ್ಟು ಸರಿದು, ಹಗ್ಗಗಳು ಬಿಗಿದು ಕಿರ್ ಎಂದವು. ಮಾಡು ಅದರ ಮೇಲೆಯೇ ಇದ್ದಿದ್ದರೆ, ಹಗ್ಗ ಇಲ್ಲದಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಂದಿನಿಂದ ವೆಲ್ಡರ್ ತಾವೇ ಹಗ್ಗಗಳನ್ನು ತಿರುವಿ ಬಿಗಿ ನೋಡತೊಡಗಿದರು. ಗೋಡೆಯೊಳಗೆ ಹೋಗಿದ್ದ ಆಂಗಲ್ ತುದಿಗಳನ್ನು ಎಳೆಯುವ ಗೊಡವೆಗೇ ಹೋಗಲಿಲ್ಲ. ಗೋಡೆಯ ಮೈಗೆ ಸಮನಾಗಿ ಕತ್ತರಿಸಿ, ಒಳಗಿನ ತುಂಡನ್ನು ಅಲ್ಲೇ ಬಿಟ್ಟೆವು. ಗ್ರೈಂಡರ್ ಬಳಸಿದ್ದು ಮುಖ್ಯವಾಗಿ ಇಲ್ಲಿ ಮತ್ತು ಬಗ್ಗದ ಕೆಲವು ಬೋಲ್ಟುಗಳಿಗೆ. ಭಾರ ಹೊತ್ತಿರುವ ಆಂಗಲ್ಲನ್ನು ಕತ್ತರಿಸುವಾಗ ಸೀಳು ಮುಚ್ಚಿಕೊಂಡು ಬಿಲ್ಲೆಯನ್ನು ಕಚ್ಚುತ್ತದೆ, ಮಷಿನ್ನು ಹಿಡಿದವನ ಕಡೆಗೇ ಚಿಮ್ಮುತ್ತದೆ. ಹಾಗಾಗಿ ಪ್ರತಿ ತುಂಡನ್ನೂ ಮೊದಲು ಹಗ್ಗದಿಂದ ಮೇಲಕ್ಕೆ ಹಿಡಿದು, ಭಾರ ಬಿಡಿಸಿ ಕತ್ತರಿಸಿದೆವು. ಕಿಡಿ ಬೀಳುವ ಕಡೆ ನೀರು ಚಿಮುಕಿಸಿ, ಎರಡು ಬಕೀಟು ಮರಳು ಇಟ್ಟು, ಕತ್ತರಿಸುವುದು ನಿಂತ ಮೇಲೂ ಒಂದು ತಾಸು ಒಬ್ಬರು ಅಲ್ಲೇ ಕೂತಿದ್ದರು. ತೊಗರಿ ಕಟ್ಟಿಗೆಯ ಪುಡಿ ಪರಸಿ ಸಂದಿಗಳಲ್ಲಿ ತುಂಬಿತ್ತು, ಅದು ಜ್ವಾಲೆಯಿಲ್ಲದೆ ಹೊಗೆಯಾಡಿ ಬಹಳ ಹೊತ್ತಿನ ಮೇಲೆ ಹತ್ತಿಕೊಳ್ಳುವ ಜಾತಿಯದು.

ಗ್ಯಾಸ್ ಕಟರ್ ತಂದರೆ ಅರ್ಧ ದಿನದ ಕೆಲಸ ಉಳಿಯುತ್ತದೆಂಬ ಸಲಹೆಯೂ ಬಂದಿತ್ತು. ಬೆಂಕಿಯ ಭಯ ಒಂದಾದರೆ, ಜಿಂಕ್ ಲೇಪವನ್ನು ಸುಟ್ಟಾಗ ಏಳುವ ಬಿಳಿ ಹೊಗೆ ಇನ್ನೊಂದು. ಅದನ್ನು ಕುಡಿದವರಿಗೆ ಕೆಲವು ತಾಸುಗಳ ನಂತರ, ಸಾಮಾನ್ಯವಾಗಿ ರಾತ್ರಿ ಮನೆಯಲ್ಲಿ, ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಂಡು ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ವೆಲ್ಡರುಗಳು ಇದನ್ನು ಬಲ್ಲರು, ಹಾಲು ಕುಡಿದರೆ ಹೋಗುತ್ತದೆ ಎಂದೂ ನಂಬುತ್ತಾರೆ. ಹಾಲಿನಿಂದ ಶ್ವಾಸಕೋಶಕ್ಕೆ ಏನೂ ಉಪಯೋಗವಿಲ್ಲ.

ಕಂಬಗಳನ್ನು ಅಲ್ಲಾಡಿಸಿ ಕೀಳುವ ಬದಲು, ಸುತ್ತ ಪರಸಿ ಎಬ್ಬಿಸಿ, ಸಂಜೆ ನೀರು ಬಿಟ್ಟು, ಮರುದಿನ ಮೆತ್ತಗಾದ ಎರೆಮಣ್ಣನ್ನು ಅಗೆದು, ಕಾಂಕ್ರೀಟ್ ಗಡ್ಡೆ ಸಮೇತ ಎತ್ತಿದೆವು. ಗೋಡೆಯ ಹತ್ತಿರದ ಮೂರು ಕಂಬಗಳಿಗೆ ಮಾತ್ರ ಈ ಕ್ರಮ ಬಿಟ್ಟೆವು. ಅಲ್ಲಿ ನೀರು ಬಿಟ್ಟರೆ, ಅಗೆದರೆ, ಗೋಡೆಯ ತಳ ಸಡಿಲಾಗುತ್ತದೆ. ನೆಲದಿಂದ ಒಂದು ಗೇಣು ಕೆಳಗೆ ಕತ್ತರಿಸಿ, ಗಡ್ಡೆಯನ್ನು ಮಣ್ಣಿನಲ್ಲೇ ಉಳಿಸಿ ಮುಚ್ಚಿದೆವು. ನಡುಗಂಬವನ್ನು ಕತ್ತರಿಸುವ ಮೊದಲು ಮತ್ತು ನಂತರ ತೂಕದ ಗುಂಡಿನಿಂದ ಗೋಡೆಯನ್ನು ಅಳೆದೆವು, ವ್ಯತ್ಯಾಸವಿರಲಿಲ್ಲ. ಭಾರ ತೊಲೆಗಳ ಮೇಲೆ ಕೂತಿತ್ತು.

ಸ್ಪೀಕರಿನಿಂದ ತೆಗೆದ ಅಯಸ್ಕಾಂತವೊಂದನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಎಳೆದಾಗ ಒಂದು ಬೋಗುಣಿ ತುಂಬ ಮೊಳೆ, ವಾಷರು, ಹುಕ್ಕಿನ ತುಂಡು ಬಂದವು. ತಗಡು ಮತ್ತು ತುಕ್ಕು ಹಿಡಿದ ಕಂಬಗಳು ಗುಜರಿಗೆ ಹೋದವು. ಬಿಚ್ಚಿ ತೆಗೆದದ್ದರಿಂದ ಮೇಲಿನ ಪರ್ಲಿನ್ನುಗಳು ನೆಟ್ಟಗೆ ಉಳಿದಿದ್ದವು, ಅವನ್ನು ಮಾಸ್ತರರು ಹೀರೆ ಬಳ್ಳಿಯ ಚಪ್ಪರಕ್ಕೆ ಇಟ್ಟುಕೊಂಡರು. ಸಿಮೆಂಟ್ ಶೀಟುಗಳನ್ನು ಗುಜರಿಯವರು ಮುಟ್ಟಲಿಲ್ಲ. ಒಡೆದು ಹೊಸ ಕೋಣೆಯ ಪಾಯಕ್ಕೆ ತುಂಬಿರಿ ಎಂದವರು ಇದ್ದರು, ದನದ ಕೊಟ್ಟಿಗೆಗೆ ಕೊಡಿ ಎಂದವರೂ ಇದ್ದರು. ಮಾಸ್ತರರು ಎರಡನ್ನೂ ಒಪ್ಪದೆ ಮಹಾನಗರ ಪಾಲಿಕೆಗೆ ಪತ್ರ ಕೊಟ್ಟಿದ್ದಾರೆ, ಇದನ್ನು ಬರೆಯುವ ಹೊತ್ತಿಗೂ ಅವು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಂತೆಯೇ ಹಿತ್ತಲಿನಲ್ಲಿವೆ. ಗೋಡೆಯನ್ನು ಎರಡೂ ಮನೆಯವರು ಅರ್ಧರ್ಧ ಖರ್ಚು ಹಾಕಿ, ಮೇಲಿನ ಮೂರು ಅಡಿ ಇಳಿಸಿ, ನೆರೆಮನೆಯ ಬಚ್ಚಲ ನೀರಿಗೆ ಬೇರೆ ಪೈಪು ಹಾಕಿಸಿದ ಮೇಲೆ ಸಿಮೆಂಟ್ ಗಾರೆಯಲ್ಲಿ ಮತ್ತೆ ಕಟ್ಟಿಸಿದರು. ತೊಲೆಗಳನ್ನು ಗಾರೆ ಗಟ್ಟಿಯಾಗುವವರೆಗೆ ಬಿಟ್ಟು, ನಡುವಿನದನ್ನು ಕೊನೆಗೆ ತೆಗೆದೆವು.